ಸತ್ಯಾಂಶ: ಬಾರ್ಬಡೋಸ್‌ಗೆ ಪಾಸ್‌ಪೋರ್ಟ್ ಒಂದೇ ಸಾಕೇ?

‘ಬಾರ್ಬಡೋಸ್‌ಗೆ ವೀಸಾ ಬೇಡ, ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದರೆ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲರ್ಧ ನಿಜ: ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಅಲ್ಲಿ 90 ದಿನಗಳವರೆಗೆ ವೀಸಾ ಬೇಕಿಲ್ಲ.

ತೊಡಕಿರುವುದು ದಾರಿಯಲ್ಲಿ. ಭಾರತದಿಂದ ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್‌ಗೆ ನೇರ ವಿಮಾನವಿಲ್ಲ. ಮಯಾಮಿ ಅಥವಾ ನ್ಯೂಯಾರ್ಕ್‌ನಲ್ಲಿ ವಿಮಾನ ಬದಲಿಸುವುದಾದರೆ, ಎರಡೇ ಗಂಟೆ ಕಾದರೂ ಅಮೆರಿಕದ ವೀಸಾ ಬೇಕೇ ಬೇಕು. ವಲಸೆ ತಪಾಸಣೆ ದಾಟದೆ ಮುಂದಿನ ವಿಮಾನಕ್ಕೆ ಹೋಗುವ ವ್ಯವಸ್ಥೆ ಅಲ್ಲಿಲ್ಲ. ಲಂಡನ್ ಮಾರ್ಗಕ್ಕೂ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಅದಿಲ್ಲದವರನ್ನು ಬೆಂಗಳೂರಿನ ಚೆಕ್‌ಇನ್ ಕೌಂಟರ್‌ನಲ್ಲೇ ತಡೆಯುತ್ತಾರೆ. ದಯವಿಟ್ಟು ದಾರಿಯ ವೀಸಾ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಿ.

ಮರಳುವ ಟಿಕೆಟ್, ತಂಗುವ ವಿಳಾಸ ಜೊತೆಗಿರಲಿ. ಸೈನಿಕರ ಸಮವಸ್ತ್ರದಂಥ ಮಚ್ಚೆ ವಿನ್ಯಾಸದ ಬಟ್ಟೆ ಮಾತ್ರ ಬೇಡ. ಅದನ್ನು ತೊಡುವುದು ಅಲ್ಲಿ ಅಪರಾಧ, ಮಕ್ಕಳಿಗೂ ವಿನಾಯಿತಿಯಿಲ್ಲ.