ನಮ್ಮವ್ವ ಡಬ್ ಮಾಡಿದ ಮೋಗ್ಲಿ

2020ರ ಯುಗಾದಿಗೆ ಅಂತ ಮಗಳನ್ನ ಕರ್ಕೊಂಡು ಎಚ್.ಡಿ. ಕೋಟೆ ಹತ್ರ ಇರೋ ನಮ್ಮೂರಿಗೆ ಹೋದೋಳು ಲಾಕ್‌ಡೌನ್ ಆಗಿ ಅಲ್ಲೇ ಉಳ್ಕೊಂಡುಬಿಟ್ಟೆ. ಆಗ ದೂರದರ್ಶನದವ್ರು ಹಳೇ ರಾಮಾಯಣ, ಮಹಾಭಾರತ ಎಲ್ಲಾ ವಾಪಸ್ ಹಾಕ್ತಿದ್ರಲ್ಲ, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತು ಜಂಗಲ್ ಬುಕ್ಕೂ ಶುರು ಮಾಡಿದ್ರು, ಕಾಡಲ್ಲಿ ತೋಳಗಳ ಜೊತೆ ಬೆಳೆಯೋ ಮೋಗ್ಲಿ ಅನ್ನೋ ಹುಡುಗನ ಕಥೆ, ಹಿಂದೀಲಿ. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಊಟದ ತಟ್ಟೆ ಹಿಡ್ಕೊಂಡೇ ಓಡೋಗಿ ಟಿವಿ ಮುಂದೆ ಕೂತೆ, ಆರು ವರ್ಷದ ಮಗಳನ್ನೂ ಎಳ್ಕೊಂಡು ಬಂದು ಪಕ್ಕದಲ್ಲಿ ಕೂರಿಸ್ಕೊಂಡೆ, ನೋಡು ಕಂದ ಇದು ಅಮ್ಮನ ಕಾರ್ಟೂನ್ ಅಂತ. ಐದು ನಿಮಿಷ ನೋಡಿದ್ಲು. ಆಮೇಲೆ "ಅಮ್ಮಾ, ಕರಡಿ ಏನ್ ಹೇಳ್ತಿದೆ? ನಂಗೆ ಅರ್ಥನೇ ಆಗ್ತಿಲ್ಲ" ಅಂದು ಎದ್ದು ಹೊರಟೇಬಿಟ್ಲು.

ಬೇಜಾರಾಯ್ತು. ಆದ್ರೆ ಅವಳು ಕೇಳಿದ್ರಲ್ಲಿ ತಪ್ಪೇನಿದೆ?

1993ರಲ್ಲಿ ಇದು ಮೊದಲ ಸಲ ಬಂದಾಗ ನಂಗೆ ಎಂಟು ವರ್ಷ. ನಮ್ ಬೀದೀಲಿ ಟಿವಿ ಇದ್ದಿದ್ದು ಮೇಷ್ಟ್ರ ಮನೇಲಿ ಒಂದೇ, ಬ್ಲ್ಯಾಕ್ ಅಂಡ್ ವೈಟು. ಭಾನುವಾರ ಬೆಳಗ್ಗೆ ಹದಿನೈದು ಇಪ್ಪತ್ತು ಹುಡುಗ್ರು ಅವ್ರ ಪಡಸಾಲೇಲಿ ತುಂಬ್ಕೋತಿದ್ವಿ, ಗಾಳಿ ಬಂದು ಚಿತ್ರ ಅಲ್ಲಾಡಿದ್ರೆ ಒಬ್ಬ ಹೆಂಚು ಹತ್ತಿ ಆಂಟೆನಾ ತಿರುಗಿಸ್ಬೇಕು, ಕೆಳಗಿಂದ ಎಲ್ಲಾ "ಬಂತು ಬಂತು, ಹೋಯ್ತು ಹೋಯ್ತು" ಅಂತ ಕೂಗ್ಬೇಕು. ಹಿಂದಿ ನಮ್ಗ್ಯಾರಿಗೂ ಬರ್ತಿರ್ಲಿಲ್ಲ. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಮ್ಯೂಸಿಕ್ ಮಾಡಿದ ಆ ಟೈಟಲ್ ಹಾಡಲ್ಲಿ ನಮಗೆ ಗ್ಯಾರಂಟಿ ಅರ್ಥ ಆಗ್ತಿದ್ದಿದ್ದು ಚಡ್ಡಿ ಅನ್ನೋ ಒಂದೇ ಪದ, ಅದು ಬಂದ ಕೂಡ್ಲೇ ಇಡೀ ಪಡಸಾಲೆ ನಗ್ತಿತ್ತು. ಹುಲಿ ಶೇರ್ ಖಾನ್ ಬಾಯಿ ತೆಗೆದ್ರೆ ಮಾತ್ರ ಎಲ್ರೂ ಗಪ್‌ಚಿಪ್. ಅದು ನಾನಾ ಪಾಟೇಕರ್ ಅವ್ರ ಧ್ವನಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಮೋಗ್ಲಿ ಕೈಯಲ್ಲಿದ್ದ ಬೂಮರಾಂಗ್ ಥರ ಬಗ್ಗಿರೋ ಕಡ್ಡಿ ಹುಡುಕಿ ಹುಡುಕಿ ಎಸೆದಿದ್ದೇ ಎಸೆದಿದ್ದು, ಒಂದೂ ತಿರುಗಿ ಬರ್ಲಿಲ್ಲ.

ಇದು ಜಪಾನಿನವ್ರು ಮಾಡಿದ್ದು ಅನ್ನೋದೂ ಆಗ ಗೊತ್ತಿರ್ಲಿಲ್ಲ. ನಿಪ್ಪಾನ್ ಅನಿಮೇಷನ್ ಕಂಪನಿ 1989ರಲ್ಲಿ ಶುರು ಮಾಡಿದ್ದು, ಒಟ್ಟು 52 ಎಪಿಸೋಡು. ಕಿಪ್ಲಿಂಗ್ 1894ರಲ್ಲಿ ಇಂಗ್ಲಿಷಲ್ಲಿ ಬರೆದ ಪುಸ್ತಕ, ಕಥೆ ನಡೆಯೋದು ಮಧ್ಯಪ್ರದೇಶದ ಸಿವನಿ ಕಾಡಲ್ಲಿ. ಯೋಚ್ನೆ ಮಾಡಿ, ನಮ್ ದೇಶದ ಕಾಡಿನ ಕಥೆ ಇಂಗ್ಲಿಷಿಂದ ಜಪಾನಿಗೆ ಹೋಗಿ, ಅಲ್ಲಿಂದ ಹಿಂದಿಗೆ ಬಂದು, ನಾಗರಹೊಳೆ ಪಕ್ಕದಲ್ಲಿರೋ ನಮ್ಮೂರಿಗೆ ಬಂತು. ಅಷ್ಟು ದೂರ ನಡ್ಕೊಂಡು ಬಂದಿದ್ದು ಕನ್ನಡಕ್ಕೆ ಮಾತ್ರ ಬರ್ಲಿಲ್ಲ.

ಸರಿ, ಅವತ್ತಿನ ಕಥೆಗೆ ಬರ್ತೀನಿ. ಮಗಳು ಎದ್ದು ಹೋದ್ಲಲ್ಲ, ಗೋಡೆಗೆ ಒರಗಿ ಅವರೆಕಾಳು ಹಸನು ಮಾಡ್ತಿದ್ದ ನಮ್ಮವ್ವ ಅವಳನ್ನ ಕರೆದ್ರು. "ಬಾ ಮಗಾ ಇಲ್ಲಿ, ನಾನ್ ಏಳ್ತೀನಿ. ನೋಡ್ದಾ, ಆ ಕರಿ ಕಿರ್ಬ ಏನಂತದೆ ಅಂದ್ರೆ, ಲೇ ಐದ, ಒತ್ತು ಮುಳುಗ್ದ ಮೇಲೆ ಒಳೆ ತಾವ್ಕ್ ಓಗ್ಬ್ಯಾಡ ಕನ್ಲಾ, ಉಲಿ ನೀರಿಗ್ ಬತ್ತದೆ ಅಂತದೆ." ಅವ್ವಂಗೆ ಹಿಂದಿ ಒಂದಕ್ಷರ ಬರಲ್ಲ. ಆದ್ರೆ ಕಾಡು ಗೊತ್ತು. ಹುಲಿ ಬಂದ್ರೆ ಮುಸುವ ಹೆಂಗೆ ಕೂಗುತ್ತೆ, ಸೀಳ್ನಾಯಿ ಗುಂಪು ಹೆಂಗೆ ಸುತ್ತುವರಿಯುತ್ತೆ, ಆನೆ ಗದ್ದೆಗೆ ಇಳಿಯೋ ಮುಂಚೆ ಎಲ್ಲಿ ನಿಂತು ನೋಡುತ್ತೆ, ಎಲ್ಲಾ ಗೊತ್ತು. ಅದನ್ನೇ ಕರಿ ಚಿರತೆ ಬಘೀರ, ಕರಡಿ ಭಾಲೂ ಬಾಯಿಗೆ ಹಾಕ್ತಿದ್ರು. ಅಕೇಲ ಅವ್ರ ಪ್ರಕಾರ ತೋಳಗಳ ಯಜಮಾನ, ಪಂಚಾಯ್ತಿ ಮಾಡೋನು. ಕಾ ಅನ್ನೋ ಹೆಬ್ಬಾವಿಗೆ ಮಾತ್ರ ಯಾಕೋ ತುಂಬಾ ಮರ್ಯಾದೆ, "ಅವ್ರು ಇರೀಕರು ಕನವ್ವ" ಅಂತಿದ್ರು. ನನ್ ಮಗಳು ಬಾಯಿ ಬಿಟ್ಕೊಂಡು ಒಂದ್ಸಲ ಟಿವಿ ನೋಡೋದು ಒಂದ್ಸಲ ಅಜ್ಜಿ ಮುಖ ನೋಡೋದು. ಮಾರನೇ ದಿನ ಅವಳೇ ಅಜ್ಜಿ ಕೈಹಿಡಿದು ಎಳ್ಕೊಂಡು ಬಂದು ಕೂರಿಸಿದ್ಲು. ಆಮೇಲೆ ನಾವಿಬ್ರೂ ಬೆಂಗಳೂರಿಗೆ ವಾಪಸ್ ಬರೋವರೆಗೂ ಅದೇ ಡ್ಯೂಟಿ.

ಹಳೇ ಕಾರ್ಟೂನ್ ವಾಪಸ್ ತಂದಾಗೆಲ್ಲಾ ನಮ್ ವಯಸ್ಸಿನವ್ರು ಅಯ್ಯೋ ನಮ್ ಬಾಲ್ಯ ಅಂತ ಸ್ಟೇಟಸ್ ಹಾಕ್ತೀವಿ. ನಮ್ದೇನೋ ಸರಿ, ನಮಗೆ ನೆನಪಿದೆ, ಭಾಷೆ ಬರದಿದ್ರೂ ನಡೆಯುತ್ತೆ. ಆವಾಗ ಬೇರೆ ಏನೂ ಇರ್ಲಿಲ್ಲ ಅಂತ ಅರ್ಥ ಆಗದೇ ಇದ್ರೂ ನೋಡಿದ್ವಿ. ಇವತ್ತಿನ ಮಗು ಯಾಕೆ ನೋಡ್ಬೇಕು? ರಿಮೋಟಲ್ಲಿ ಒಂದು ಬಟನ್ ಒತ್ತಿದ್ರೆ ಇನ್ನೊಂದು ಸಿಗುತ್ತೆ. ಹೊಸ ಮಕ್ಕಳಿಗೋಸ್ಕರ ತರ್ತಿದೀವಿ ಅಂತ ಹೇಳೋರು ಆ ಮಕ್ಕಳ ಭಾಷೇಲಿ ತರ್ಬೇಕು. ಚಿತ್ರ ಹಳೇದು, ಕಥೆ ನಿಧಾನ ಅನ್ನೋದೆಲ್ಲ ಆಮೇಲಿನ ಮಾತು. ನನ್ ಮಗಳಿಗೆ ಆ ನಿಧಾನ ಒಂದು ದಿನವೂ ಅಡ್ಡ ಬರ್ಲಿಲ್ಲ.

2016ರಲ್ಲಿ ಡಿಸ್ನಿಯವ್ರ ಹೊಸ ಜಂಗಲ್ ಬುಕ್ ಸಿನಿಮಾ ಬಂತಲ್ಲ, ಹಿಂದೀಲಿ ಶೇರ್ ಖಾನ್‌ಗೆ ಮತ್ತೆ ನಾನಾ ಪಾಟೇಕರ್ ಅವ್ರನ್ನೇ ಕರೆಸಿದ್ರು, ಹಳೇ ಟೈಟಲ್ ಹಾಡನ್ನೂ ಹೊಸದಾಗಿ ರೆಕಾರ್ಡ್ ಮಾಡಿದ್ರು, ಅಂದ್ರೆ ಹಿಂದಿ ಮಕ್ಕಳಿಗೆ ಅವ್ರ ಅಪ್ಪ ಅಮ್ಮಂದಿರ ನೆನಪನ್ನ ಅಷ್ಟು ಜೋಪಾನವಾಗಿ ದಾಟಿಸಿದ್ರು. ತಮಿಳಲ್ಲೂ ಬಂತು, ತೆಲುಗಲ್ಲೂ ಬಂತು. ಕನ್ನಡದಲ್ಲಿ ಇಲ್ಲ. ಡಬ್ಬಿಂಗ್ ತಡೆಯೋದು ತಪ್ಪು ಅಂತ ಕೇಂದ್ರ ಸರ್ಕಾರದ ಸ್ಪರ್ಧಾ ಆಯೋಗ (CCI) 2015ರಲ್ಲೇ ಆರ್ಡರ್ ಕೊಟ್ಟಿತ್ತು, ಆದ್ರೂ ಇಲ್ಲ. ಅರವತ್ತರ ದಶಕದಲ್ಲಿ ಡಬ್ಬಿಂಗ್ ಬೇಡ ಅಂತ ಅನಕೃ ಅವ್ರು, ಅಣ್ಣಾವ್ರು ಹೋರಾಡಿದ್ದಕ್ಕೆ ಕಾರಣ ಇತ್ತು, ಆಗ ನಮ್ ಕಲಾವಿದರ ಅನ್ನದ ಪ್ರಶ್ನೆ, ಕನ್ನಡ ಸಿನಿಮಾ ಉಳಿಯೋ ಪ್ರಶ್ನೆ, ಆ ಹೋರಾಟದ ಬಗ್ಗೆ ನಂಗೆ ಗೌರವ ಇದೆ. ಆದ್ರೆ ಒಂದು ಕರಡಿ, ಒಂದು ತೋಳ ಕನ್ನಡ ಮಾತಾಡಿದ್ರೆ ಯಾರ ಅನ್ನ ಹೋಗ್ತಿತ್ತು? ನಮ್ ರಂಗಭೂಮಿಯವ್ರಿಗೆ ಒಂದಿಷ್ಟು ಕೆಲ್ಸ ಸಿಗ್ತಿತ್ತು ಅಷ್ಟೇ.

ಆಗಲ್ಲ ಅನ್ನೋ ಮಾತೂ ಇಲ್ಲ. 2009ರಲ್ಲೇ ಮಕ್ಕಳಿಗೆ ಅಂತ ಕನ್ನಡದಲ್ಲಿ ಚಿಂಟು ಟಿವಿ ಬಂತು. ಅದೇ ಲಾಕ್‌ಡೌನ್ ವರ್ಷ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ ಬೀದೀಲಿ ಸಂಜೆ ಯಾರ ಮನೆ ಮುಂದೆ ಹೋದ್ರೂ ಅದೇ ಸೌಂಡು, ಹಿಂದಿ ಮಹಾಭಾರತದ ಹತ್ರಾನೂ ಸುಳಿಯದೇ ಇದ್ದ ನಮ್ಮವ್ವ ಕೃಷ್ಣ ಮಾತಾಡ್ತಿದ್ರೆ ಅಡುಗೆ ಮನೆಗೂ ಹೋಗ್ತಿರ್ಲಿಲ್ಲ.

ಕಬಿನಿಯಲ್ಲಿ ಕರಿ ಚಿರತೆ ಕಾಣಿಸ್ಕೊಂಡ ಫೋಟೋ ಎಲ್ಲಾ ಕಡೆ ಓಡಾಡ್ತಲ್ಲ, ಅದನ್ನ ಮಗಳಿಗೆ ತೋರಿಸ್ದಾಗ "ಅಜ್ಜಿ ಹೇಳಿದ ಕರಿ ಕಿರ್ಬ!" ಅಂದ್ಲು. ಬಘೀರ ಅನ್ಲಿಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಹುಡುಗಿ, ಕಿರ್ಬ ಅನ್ನೋ ಪದ ಅವಳಿಗೆ ಇನ್ನೆಲ್ಲಿ ಸಿಗ್ತಿತ್ತು?

ಚಂದನದವ್ರೇ ಆಗ್ಲಿ, ಈ ಸೀರಿಯಲ್ಲಿನ ಹಕ್ಕು ಯಾರ ಹತ್ರ ಇದ್ಯೋ ಅವ್ರೇ ಆಗ್ಲಿ, ಆ 52 ಎಪಿಸೋಡ್ ಕನ್ನಡ ಮಾಡ್ಸಿ. ದಯವಿಟ್ಟು ನ್ಯೂಸ್ ಓದೋ ಕನ್ನಡ ಬೇಡ. ಭಾಲೂಗೆ ಉತ್ತರ ಕರ್ನಾಟಕದ ಭಾಷೆ ಕೊಡಿ, ಕೋತಿಗಳಿಗೆ ಬೆಂಗಳೂರಿಂದು ಕೊಡಿ, ಹೆಬ್ಬಾವಿಗೆ ನಮ್ ಕೋಟೆ ಕಡೆಯ ವಯಸ್ಸಾದ ಹೆಂಗಸೊಬ್ರ ಧ್ವನಿ ಹುಡುಕಿ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಟೈಮ್ ಕೊಟ್ರೆ ಸಾಕು.