ಮೀಸಲು ಕೊಟ್ಟಿದ್ದು ಸರಿ, ಬಿಲ್ ಯಾವಾಗ?

ಸರ್ಕಾರಿ ಕಾಮಗಾರಿಯಲ್ಲಿ ಕಡಿಮೆ ದರ ಒಂದನ್ನೇ ನೋಡಬಾರದು, ಜನರಿಗೆ ಏನು ಸಿಗುತ್ತೆ ಅನ್ನೋದನ್ನೂ ನೋಡಬೇಕು ಅಂತ ಒಂದು ಲೇಖನದಲ್ಲಿ ಓದಿದೆ. ಒಪ್ಪುತ್ತೇನೆ. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ಕರ್ನಾಟಕದ ಸರ್ಕಾರಿ ಟೆಂಡರ್‌ಗಳ ಕಾಯ್ದೆಗೆ (ಕೆಟಿಪಿಪಿ) ತಿದ್ದುಪಡಿ ತಂದು ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪಂಗಡದವರಿಗೆ ಶೇ 6.95 ಮೀಸಲು ಇಟ್ಟರು. ಮೊದಲು 50 ಲಕ್ಷ ರೂಪಾಯಿ ಇದ್ದ ಕಾಮಗಾರಿ ಮೊತ್ತದ ಮಿತಿ 2023ರಲ್ಲಿ 1 ಕೋಟಿ ಆಯ್ತು. ಒಳ್ಳೆಯದೇ. ಆದರೆ ಬಿಲ್ ತಿಂಗಳುಗಟ್ಟಲೆ ಬಾಕಿ ಉಳಿದರೆ ಹೊಸ ಗುತ್ತಿಗೆದಾರ ಸಿಮೆಂಟು, ಜಲ್ಲಿಗೆ ಬಡ್ಡಿ ಸಾಲ ಮಾಡಬೇಕು. ಕೊನೆಗೆ ಲೈಸೆನ್ಸ್ ಇವರದು, ಕೆಲಸ ದುಡ್ಡಿರೋ ಇನ್ನೊಬ್ಬರದು ಅಂತಾಗುತ್ತೆ. ಇದು ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ?

ಕೂಲಿಯವರ ಕಥೆಯೇ ಬೇರೆ. ಕಾಮಗಾರಿ ವೆಚ್ಚದ ಶೇ 1ರಷ್ಟು ಸೆಸ್ ಬಿಲ್‌ನಲ್ಲೇ ಕಟ್ ಆಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ನಮ್ಮ ಬೀದಿಯ ಚರಂಡಿ ಕೆಲಸಕ್ಕೆ ಬಂದಿದ್ದ ಹೆಂಗಸರನ್ನು ಕೇಳಿದೆ. ಮಂಡಳಿಯ ಸೌಲಭ್ಯಕ್ಕೆ ಬೇಕಾದ ಲೇಬರ್ ಕಾರ್ಡ್ ಒಬ್ಬರ ಹತ್ತಿರವೂ ಇಲ್ಲ! ಕಾರ್ಡ್ ಮಾಡಿಸೋಕೆ ಬೇಕಾದ, 90 ದಿನ ಕೆಲಸ ಮಾಡಿದ ಪತ್ರಕ್ಕೆ ಯಾರೂ ಸಹಿ ಹಾಕಿಕೊಡಲ್ಲವಂತೆ. ಬಿಲ್ ಜೊತೆ ಕೂಲಿಯವರ ಕಾರ್ಡ್ ನಂಬರ್ ಪಟ್ಟಿ ಕೇಳೋದು ಎಂಜಿನಿಯರ್‌ಗೆ ಅಷ್ಟು ಕಷ್ಟವಾ?