ಮಂಡಕ್ಕಿ ಭಟ್ಟಿಗೂ ಇಎಸ್‌ಐ ಬರಲಿ

‘ಆಯುಷ್ಮಾನ್ ಕಾರ್ಡ್ ಇದೆಯಲ್ಲ, ದುಡಿಯುವವರಿಗೆ ಇನ್ನೇನು ಬೇಕು?’ ಎನ್ನುವವರನ್ನು ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಅರ್ಧ ಗಂಟೆ ನಿಲ್ಲಿಸಬೇಕು.

ಅಲ್ಲಿನವರನ್ನು ಕಾಡುವುದು ಕೆಮ್ಮು, ಕಣ್ಣುರಿ, ಸೊಂಟನೋವು. ಇದಕ್ಕೆಲ್ಲ ಯಾರೂ ಆಸ್ಪತ್ರೆಗೆ ದಾಖಲಾಗುವುದಿಲ್ಲ. ಮಾತ್ರೆ ನುಂಗಿ ಮತ್ತೆ ಹೊಗೆಯ ಮುಂದೆ ನಿಲ್ಲುತ್ತಾರೆ. ಸರ್ಕಾರಿ ಆಸ್ಪತ್ರೆಯ ಸಾಲಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯವಾಗಿ ನೆರವಾಗುವುದು ಹಾಸಿಗೆ ಹಿಡಿದವರಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆ ಎದುರಾದಾಗ ಅದು ದೊಡ್ಡ ಆಸರೆ, ಅಲ್ಲಗಳೆಯುವುದಿಲ್ಲ. ಆದರೆ ತಿಂಗಳ ಮಾತ್ರೆಗೂ ಮಲಗಿದ ವಾರದ ಕೂಲಿಗೂ ಅದರಲ್ಲಿ ಜಾಗವಿಲ್ಲ.

ಇನ್ನು ಬಿಪಿಎಲ್ ಗೆರೆ. ವಾರ್ಷಿಕ ಆದಾಯ ಮಿತಿ 1.20 ಲಕ್ಷ. ಗಂಡ–ಹೆಂಡತಿ ಇಬ್ಬರೂ ಸೇರಿ ತಿಂಗಳಿಗೆ 12,000 ದುಡಿದರೆ ವರ್ಷಕ್ಕೆ 1.44 ಲಕ್ಷ, ಕಾಗದದ ಮೇಲೆ ಬಡತನ ಮುಗಿಯಿತು! ಎಪಿಎಲ್ ಆದವರಿಗೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಉಳಿದದ್ದಕ್ಕೆ ಸಾಲ, ಇಲ್ಲವೇ ಅಡವಿಡಲು ಒಡವೆ.

ಇದೇ ದಂಪತಿ ದೊಡ್ಡ ಕಾರ್ಖಾನೆಯಲ್ಲಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರುತ್ತಿತ್ತು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಶೇ 0.75 ಕಟ್ಟುತ್ತಾರೆ, ಮಾಲೀಕರು ಶೇ 3.25. ಹೊರರೋಗಿ ಚಿಕಿತ್ಸೆ, ಔಷಧಿ ಎಲ್ಲವೂ ಮನೆಮಂದಿಗೂ ಸೇರಿ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70 ಕೈಗೆ ಬರುತ್ತದೆ. ಕೂಲಿಯವನಿಗೆ ನಿಜವಾದ ಔಷಧಿ ಈ ಶೇ 70 ಎಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಕೇಳುವುದು ಕನಿಷ್ಠ 10 ಕೆಲಸಗಾರರನ್ನು. ನಾಲ್ಕೈದು ಜನರ ಭಟ್ಟಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹೊಗೆಗೇನು, ತಲೆ ಎಣಿಸಿ ಎದೆಗಿಳಿಯುವ ಅಭ್ಯಾಸವಿಲ್ಲ.

ರಾಜ್ಯದ ಕೈಯಲ್ಲಿ ಏನಿದೆ ಎನ್ನಬೇಡಿ. 2025ರಲ್ಲಿ ಗಿಗ್ ಕಾರ್ಮಿಕರಿಗೆಂದೇ, ಅಂದರೆ ಆ್ಯಪ್ ಕಂಪನಿಗಳಿಗೆ ಊಟ–ಸಾಮಾನು ತಲುಪಿಸುವಂಥವರಿಗೆಂದೇ, ರಾಜ್ಯದಲ್ಲಿ ಕಾಯ್ದೆ ಬಂತು. ಪ್ರತಿ ವಹಿವಾಟಿನಲ್ಲಿ ಅವರಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಟ್ಟಡ ಕಾರ್ಮಿಕರಿಗಾಗಿ ಶೇ 1 ಸೆಸ್ ಮೊದಲಿನಿಂದಲೂ ಇದೆ. ಮನಸ್ಸಿದ್ದ ಕಡೆ ದಾರಿ ತೆರೆದಿದೆ.

ಭಟ್ಟಿ ಮಾಲೀಕರ ಮೇಲೆ ಹೊರೆ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮಾಲೀಕರು ಕೂಲಿಯವರ ಜೊತೆಗೇ ನಿಂತು ಒಲೆ ಉರಿಸುವವರು. ಹತ್ತಕ್ಕಿಂತ ಕಡಿಮೆ ಜನರ ಘಟಕಗಳಲ್ಲಿ ಮಾಲೀಕರ ಪಾಲನ್ನು ರಾಜ್ಯವೇ ಭರಿಸುವಂತೆ ಕಾಯ್ದೆ ತರಲಿ. 12,000 ಕೂಲಿಗೆ ಆ ಪಾಲು ತಿಂಗಳಿಗೆ 390 ರೂಪಾಯಿ. ಮುಂದಿನ ಅಧಿವೇಶನದಲ್ಲಿ ನಮ್ಮ ಜಿಲ್ಲೆಯ ಶಾಸಕರು ಯಾರಾದರೂ ಈ 390ರ ಪ್ರಶ್ನೆ ಎತ್ತಲಿ. ಸರ್ಕಾರ ಒಪ್ಪದಿದ್ದರೆ ಖಾಸಗಿ ಮಸೂದೆಯನ್ನಾದರೂ ಮಂಡಿಸಲಿ.